ಬಾ ಎನ್ನದ ಅಂಗಡಿ

ತೈಪಿಂಗ್
12 ಮೇ 2019

ಮಗಳು ಸೋಕ್ ಇಮ್‌ಗೆ,

ಒಂದು ವಿಚಿತ್ರ ಕೆಲಸ ಬಂದಿದೆ. ನಿನ್ನನ್ನು ಕೇಳದೆ ನನಗೆ ಗತಿಯಿಲ್ಲ.

ಕಮುಂಟಿಂಗ್‌ನಿಂದ ತಿಯೋ ಅಮ್ಮ ಅಂತ ಒಬ್ಬಾಕೆ ಅಂಗಡಿಗೆ ಬಂದಿದ್ದಳು. ಏಳನೇ ತಿಂಗಳ ಸತ್ತವರ ಹಬ್ಬದಲ್ಲಿ ಸುಡುವುದಕ್ಕೆ ಅವಳಿಗೆ ಕಾಗದದ ಲ್ಯಾಪ್‌ಟಾಪ್ ಬೇಕಂತೆ. ನಲವತ್ತು ವರ್ಷದಿಂದ ಸತ್ತವರಿಗೆ ಕಾಗದದಲ್ಲಿ ಮನೆ ಕಟ್ಟಿದ್ದೇನೆ, ಕಾರು ಮಾಡಿದ್ದೇನೆ, ಹಲ್ಲುಸೆಟ್ಟು ಕೂಡ ಮಾಡಿಕೊಟ್ಟಿದ್ದೇನೆ. ಇದೊಂದು ಮಾಡಿರಲಿಲ್ಲ. ಚೀನಾದಿಂದ ಬರುವ ಅಚ್ಚುಹಾಕಿದ ಡಬ್ಬ ತೋರಿಸಿದೆ. ಚಿನ್ನದ ಬಣ್ಣ, ಚಾ ತಟ್ಟೆಯಷ್ಟು ಅಗಲ. ಆಕೆ ಮುಟ್ಟಲೂ ಇಲ್ಲ. ನನ್ನ ಕಿವಿಯ ಕತೆ ನಿನಗೆ ಗೊತ್ತಲ್ಲ, ಸ್ಲೇಟು ಮುಂದಿಟ್ಟೆ. ಅದರ ಮೇಲೆ ಬರೆದಳು: “ಚಿಕ್ಕದು ಬೇಕು. ಅಗ್ಗದ್ದು. ದಿನಾ ಬ್ಯಾಗಲ್ಲಿ ಹಾಕ್ಕೊಂಡು ಓಡಾಡೋ ಅಂಥದ್ದು.”

ಸತ್ತವರಿಗೆ ದೊಡ್ಡದು ಮಾಡಿ, ಥಳಥಳ ಹೊಳೆಯೋ ಹಾಗೆ ಮಾಡಿ ಅನ್ನುವವರನ್ನೇ ನೋಡಿದ್ದೇನೆ. ಅಗ್ಗದ್ದು ಮಾಡಿ ಅಂದವಳು ಇವಳೊಬ್ಬಳೇ. ನೀನು ಬೆಳಗಿನಿಂದ ಸಂಜೆತನಕ ಅದನ್ನೇ ಮಾರುತ್ತೀಯಲ್ಲ, ಒಳ್ಳೆಯ ಚಿಕ್ಕ ಲ್ಯಾಪ್‌ಟಾಪ್ ಅಂದರೆ ಹೇಗಿರಬೇಕು? ಎಷ್ಟುದ್ದ, ಎಷ್ಟಗಲ? ಮುಚ್ಚುವಾಗ ಎಲ್ಲಿ ಮಡಚುತ್ತದೆ? ತಪ್ಪು ಸಾಮಾನು ಕೊಟ್ಟರೆ ಬದಲಾಯಿಸಿ ಕೊಡಿ ಅಂತ ಆ ಗಿರಾಕಿ ವಾಪಸು ಬರುವ ಹಾಗಿಲ್ಲ, ಬಂದರೆ ನನಗೆ ಕಷ್ಟ.

ನಿನ್ನ ತಮ್ಮ ಲಿಯಾಂಗ್‌ನ ಸುದ್ದಿ ಏನಾದರೂ ಬಂತೇ? ಪರದೇಶದ ಕೆಲಸಕ್ಕೆ ಹೋಗಿ ಎಂಟು ತಿಂಗಳಾಯಿತು. ಫೆಬ್ರವರಿಯಿಂದ ನನಗೆ ಒಂದಕ್ಷರ ಇಲ್ಲ.

ಮನೆಯಲ್ಲಿ ಅಕ್ಕಿ ಡಬ್ಬ ತುಂಬಿದೆ.

ನಿಧಾನ ನಡೆ,
ಅಪ್ಪ


ಕ್ವಾಲಾಲಂಪುರ
19 ಮೇ 2019

ಅಪ್ಪಾ,

ನಿನ್ನ ಕಾಗದ ಓದಿ ನಕ್ಕಿದ್ದಕ್ಕೆ ಪಕ್ಕದ ಕೌಂಟರಿನ ಕಮರಿಯಾ ನನ್ನ ಹಣೆ ಮುಟ್ಟಿ ನೋಡಿದಳು. ಸತ್ತವನಿಗೆ ಲ್ಯಾಪ್‌ಟಾಪ್ ಆರಿಸಿಕೊಡು ಅಂತ ನನ್ನನ್ನು ಯಾರೂ ಕೇಳಿರಲಿಲ್ಲ. ಆದರೂ ಗಿರಾಕಿ ಗಿರಾಕಿಯೇ. ನಾನು ಎಲ್ಲರಿಗೂ ಕೇಳುವುದನ್ನೇ ನೀನು ತಿಯೋ ಅಮ್ಮನಿಗೆ ಕೇಳು. ಯಾತಕ್ಕೆ ಬೇಕು? ಬರೆಯುವುದಕ್ಕೋ, ಸಿನಿಮಾ ನೋಡುವುದಕ್ಕೋ? ದಿನಾ ಎಷ್ಟು ದೂರ ಹೊತ್ತು ತಿರುಗಬೇಕು? ಹೋದ ಕಡೆ ಚಾರ್ಜ್ ಹಾಕಲು ಜಾಗ ಇದೆಯೋ? ಅಗ್ಗದ್ದರಲ್ಲಿ ಎಲ್ಲವೂ ಸಿಗುವುದಿಲ್ಲ ಅಪ್ಪಾ, ಯಾವುದು ಇಲ್ಲದಿದ್ದರೂ ನಡೆಯುತ್ತೆ ಅಂತ ಮೊದಲು ತಿಳಿಯಬೇಕು.

ಅಳತೆ ಬರೆದುಕೋ. ಪರದೆ ಮೂಲೆಯಿಂದ ಮೂಲೆಗೆ ಹನ್ನೊಂದು ಇಂಚು, ತೂಕ ಒಂದು ಕಿಲೋ ಚಿಲ್ಲರೆ. ಅಕ್ಷರದ ಗುಂಡಿಗಳು ಚಿಕ್ಕವಿದ್ದರೂ ಬೆರಳಿಗೆ ಬೆರಳು ತಾಗಬಾರದು. ಪರದೆಯ ಮೇಲಂಚಿನಲ್ಲಿ ಕ್ಯಾಮೆರಾದ ಸಣ್ಣ ಕಣ್ಣು ಇರುತ್ತದೆ, ಮರೆಯಬೇಡ. ಎಲ್ಲಕ್ಕಿಂತ ಮುಖ್ಯ, ಮಡಚುವ ಕೀಲು. ಅದನ್ನು ಎರಡು ಸಲ ತೆಗೆದು ಮುಚ್ಚಿ ನೋಡದೆ ನಾನು ಯಾರಿಗೂ ಕೊಡುವುದಿಲ್ಲ. ಅಗ್ಗದ ಲ್ಯಾಪ್‌ಟಾಪ್ ಸಾಯುವುದು ಕೀಲಿನಿಂದಲೇ. ಲಿಯಾಂಗ್ ಹೋಗುವಾಗ ನಾನೇ ಹೀಗೆ ಹತ್ತು ಸಲ ತೆಗೆದು ಮುಚ್ಚಿ ಒಂದು ಆರಿಸಿಕೊಟ್ಟಿದ್ದೆ. ಅವನ ಕಂಪನಿ, ನಿಮ್ಮದೇ ಲ್ಯಾಪ್‌ಟಾಪ್ ತನ್ನಿ ಅಂದಿತ್ತು. ಅವನಿಂದ ನನಗೂ ಸುದ್ದಿಯಿಲ್ಲ.

ನಮ್ಮ ಅಂಗಡಿ ಜುಲೈಗೆ ಮುಚ್ಚುತ್ತದೆ. ಮಾಲ್‌ನ ಈ ಮಹಡಿಯಲ್ಲಿ ಅರ್ಧ ಅಂಗಡಿಗಳು ಈಗಾಗಲೇ ಬಾಗಿಲು ಎಳೆದಿವೆ. ಇಲ್ಲಿ ಗಿರಾಕಿ ಹೊರಟಾಗ ‘ಮತ್ತೆ ಬನ್ನಿ’ ಅನ್ನಲೇಬೇಕು, ಅದು ಮಾಲೀಕನ ಕಟ್ಟಪ್ಪಣೆ. ಆರು ವರ್ಷವಾದರೂ ಅನ್ನುವಾಗೆಲ್ಲ ನನ್ನ ಕೆನ್ನೆ ಚುರ್ ಅನ್ನುತ್ತದೆ. ನೆನಪಿದೆಯಾ? ನನಗೆ ಐದು ವರ್ಷ. ಗಂಡನಿಗೆ ಕಾಗದದ ಬಟ್ಟೆ ಕೊಂಡು ಹೊರಟಿದ್ದ ಒಬ್ಬ ಹೆಂಗಸಿಗೆ ‘ಮತ್ತೆ ಬನ್ನಿ ಆಂಟಿ’ ಅಂದಿದ್ದೆ. ನೀನು ಅವಳೆದುರೇ ಹೊಡೆದೆ. ಸಾವಿನ ಸಾಮಾನು ಮಾರುವವರು ಯಾರನ್ನೂ ಮತ್ತೆ ಬಾ ಅನ್ನಬಾರದು, ‘ನಿಧಾನ ನಡೆಯಿರಿ’ ಎಂದಷ್ಟೇ ಕಳಿಸಬೇಕು, ಬಾ ಅಂದರೆ ಆ ಮನೆಗೆ ಇನ್ನೊಂದು ಸಾವು ಅಂದ ಹಾಗೆ. ನನಗೆ ಗೊತ್ತು. ಆದರೆ ಮನೆಯವರಿಗೂ ಅನ್ನಬಾರದಾ? ಊಟಕ್ಕೆ ಕೂಡ ನೀನು ‘ಅನ್ನ ಆರುತ್ತಿದೆ’ ಎಂದೇ ಕೂಗುತ್ತಿದ್ದೆ. ಅಂಗಡಿ ಮುಚ್ಚಿದ ಮೇಲೆ ನಾನು ಎಲ್ಲಿಗೆ ಹೋಗಲಿ ಅಂತ ನೀನೂ ಕೇಳಲಿಲ್ಲ, ನಾನೂ ಬರೆಯುವುದಿಲ್ಲ.

ನಿನ್ನ ಮಗಳು,
ಸೋಕ್ ಇಮ್


ತೈಪಿಂಗ್
30 ಮೇ 2019

ಸೋಕ್ ಇಮ್‌ಗೆ,

ಆ ಏಟಿಗಿಂತ ದೊಡ್ಡದನ್ನು ನನ್ನಪ್ಪ ನನಗೆ ಕೊಟ್ಟಿದ್ದ. ಅದರ ಮಾತು ಅಷ್ಟಕ್ಕೇ ಬಿಡು.

ತಿಯೋ ಅಮ್ಮನಿಗೆ ನಿನ್ನ ಪ್ರಶ್ನೆಗಳನ್ನು ತೋರಿಸಿದೆ. ಮಗನಿಗಂತೆ, ಹೆಸರು ಬೂನ್ ಹ್ವಾ, ಇಪ್ಪತ್ತನಾಲ್ಕು ವರ್ಷ. ಯಾತಕ್ಕೆ ಬೇಕು ಅಂದರೆ, “ನಂಗೆ ಕಾಗದ ಬರೆಯೋಕೆ” ಎಂದು ಬರೆದಳು. ಎಷ್ಟು ದೂರ ಹೊರಬೇಕು ಎಂದೂ ಕೇಳಿದೆ. “ಮನೆ ತನಕ” ಎಂದು ಬರೆದು ಅಳಿಸಿದಳು. ಹೇಗೆ ಸತ್ತ ಅಂತ ನಾನು ಕೇಳಲಿಲ್ಲ. ನಮ್ಮ ಕಸುಬಿನಲ್ಲಿ ಕೇಳುವುದಿಲ್ಲ.

ಬಿದಿರಿನ ಚೌಕಟ್ಟು ಸೀಳಿಟ್ಟಿದ್ದೇನೆ. ಮಡಚುವ ಕೀಲಿಗೆ ಕಾಗದ ನಿಲ್ಲಲಿಲ್ಲ, ಬಟ್ಟೆಯ ಪಟ್ಟಿ ಅಂಟಿಸಿದೆ. ಎರಡು ಸಲವಲ್ಲ, ಇಪ್ಪತ್ತು ಸಲ ತೆಗೆದು ಮುಚ್ಚಿದೆ. ಕೈ ಪಳಗಲಿ ಎಂದು ಮಾದರಿಗೊಂದು, ಅವಳಿಗೊಂದು, ಹೀಗೆ ಎರಡು ಮಾಡುತ್ತಿದ್ದೇನೆ. ಅಕ್ಷರದ ಗುಂಡಿಗಳನ್ನು ಒಂದೊಂದಾಗಿ ಕತ್ತರಿಸಿ ಅಂಟಿಸುವಾಗ ಲಿಯಾಂಗ್ ನೆನಪಾದ. ಕಾಗದದ ಅಂಗಿಗಳಿಗೆ ಗುಂಡಿ ಅಂಟಿಸುವ ಕೆಲಸ ಅವನದಲ್ಲವೇ? ಅಂಟು ತಿನ್ನುತ್ತಿದ್ದ, ಕಳ್ಳ.

ಅಕ್ಕಿ ಡಬ್ಬಕ್ಕೆ ಮೊನ್ನೆ ಇನ್ನೂ ಐದು ಕಿಲೋ ಸುರಿದೆ. ಒಬ್ಬನಿಗೆ ಹೆಚ್ಚಾಯಿತು.

ನಿಧಾನ ನಡೆ,
ಅಪ್ಪ


ಕ್ವಾಲಾಲಂಪುರ
16 ಜೂನ್ 2019

ಅಪ್ಪಾ,

ಲಿಯಾಂಗ್ ಮೆಸೇಜು ಮಾಡಿದ! ನಾಲ್ಕು ತಿಂಗಳಾದ ಮೇಲೆ, ನಿನ್ನೆ ಮಧ್ಯಾಹ್ನ. ಹಳೆಯ ಫೋನು ಕೆಟ್ಟಿತ್ತಂತೆ. ಕೆಲಸ ಚೆನ್ನಾಗಿದೆ, ಅನ್ನ ವಸತಿ ಕಂಪನಿಯದು, ಮೇಲಿನ ಹುದ್ದೆ ಸಿಕ್ಕಿದೆಯಂತೆ. ಬೈದೆ, ಅತ್ತೆ, ಮತ್ತೆ ಬೈದೆ. ನನಗೂ ಅಲ್ಲಿ ಜಾಗ ಇದೆಯಂತೆ ಅಪ್ಪಾ. ಕಂಪ್ಯೂಟರ್ ಬಲ್ಲ ಹೆಣ್ಣುಮಕ್ಕಳು ಬೇಕಂತೆ, ಟಿಕೆಟ್ ಅವರೇ ಕಳಿಸುತ್ತಾರಂತೆ. ನಮ್ಮ ಅಂಗಡಿ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದಿದೆ.

ನಮ್ಮದೇ ಲ್ಯಾಪ್‌ಟಾಪ್ ಒಯ್ಯಬೇಕು. ಚಿಕ್ಕದು, ಅಗ್ಗದ್ದು ಸಾಕು, ಬೆಲೆಬಾಳುವಂಥದ್ದು ತರಬೇಡ ಅಂದಿದ್ದಾನೆ. ಗೇಟಿನಲ್ಲೇ ಇಸಿದುಕೊಂಡು ಕಂಪನಿಯವರು ತಮ್ಮ ಪ್ರೋಗ್ರಾಮು ಹಾಕಿ ಕೊಡುತ್ತಾರಂತೆ. ಈಗ ನೋಡು ತಮಾಷೆ, ಆರು ವರ್ಷ ಊರಿಗೆಲ್ಲ ಆರಿಸಿಕೊಟ್ಟವಳಿಗೆ ತನಗೊಂದು ಆರಿಸಲು ಬರುತ್ತಿಲ್ಲ. ಎರಡು ಎತ್ತಿಟ್ಟಿದ್ದೇನೆ. ಒಂದು ಬೂದು, ಕೀಲು ಗಟ್ಟಿ, ಬ್ಯಾಟರಿ ಐದು ಗಂಟೆ. ಇನ್ನೊಂದು ನೀಲಿ, ಕೀಲು ಸ್ವಲ್ಪ ಸಡಿಲ, ಆದರೆ ಒಂಬತ್ತು ಗಂಟೆ ಬರುತ್ತದೆ. ಕಮರಿಯಾ ನೀಲಿ ಅನ್ನುತ್ತಾಳೆ. ನಿನ್ನ ಗಿರಾಕಿಗೆ ಯಾವುದು ಮಾಡಿದೆ?

ಸೋಕ್ ಇಮ್


ತೈಪಿಂಗ್
24 ಜೂನ್ 2019

ಸೋಕ್ ಇಮ್‌ಗೆ,

ಅವನು ಬದುಕಿದ್ದಾನೆ ಎಂದು ಓದಿ ಅಂಗಡಿ ಅರ್ಧಕ್ಕೇ ಮುಚ್ಚಿದೆ. ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತವರಿಗೆಲ್ಲ ನಾನೇ ಕಾಫಿ ಕೊಡಿಸಿದೆ. ಆ ಅಂಗಡಿಯವರ ಸೊಸೆ ಪೇಕ್ ಙೋಗೆ ನಾನು ಕುಡಿದಿದ್ದೇನೆ ಎಂದು ಅನುಮಾನ.

ಆಮೇಲೆ ಮನೆಗೆ ಬಂದು ಇನ್ನೊಂದು ಸಲ ಓದಿದೆ. ನೀನು ಬರೆದಿರುವುದೆಲ್ಲ ‘ಅಂತೆ, ಅಂತೆ’. ನನ್ನನ್ನು ಕೇಳಿದನೇ? ಕಿವಿ ಹೇಗಿದೆ ಎಂದು ಕೇಳಿದನೇ? ಅವನ ಮಾತನ್ನು ಇದ್ದದ್ದು ಇದ್ದ ಹಾಗೆ ಕಾಗದದಲ್ಲಿ ಇಳಿಸಿ ಕಳಿಸು. ಒಂದಕ್ಷರ ತಿದ್ದಬೇಡ.

ಇನ್ನೊಂದು ಮಾತು. ಬೆಲೆಬಾಳುವಂಥದ್ದು ತರಬೇಡ ಎಂದು ಯಾಕೆ ಅಂದ? ಹಾಳಾಗುತ್ತದೆ ಎಂದು ಗೊತ್ತಿರುವ ಕಡೆಗೆ ಜನ ಅಗ್ಗದ್ದನ್ನು ಒಯ್ಯುತ್ತಾರೆ. ಮುದುಕನ ಅನುಮಾನ ಅನ್ನು, ಚಿಂತೆಯಿಲ್ಲ. ನನ್ನ ಉತ್ತರ ಬರುವ ತನಕ ಅವರಿಗೆ ಹ್ಞೂಂ ಅನ್ನಬೇಡ.

ಬಣ್ಣದ ವಿಷಯ ಕೇಳಿದೆಯಲ್ಲ, ತಿಯೋ ಅಮ್ಮನದು ನೀಲಿ. ನೀನು ಬೂದು ತೆಗೆದುಕೋ.

ನಿಧಾನ ನಡೆ. ಈ ಸಲ ನಿಜವಾಗಿಯೂ ನಿಧಾನ,
ಅಪ್ಪ


ತೈಪಿಂಗ್
8 ಜುಲೈ 2019, ಬೆಳಿಗ್ಗೆ

ಸೋಕ್ ಇಮ್,

ಎರಡು ವಾರವಾಯಿತು, ನಿನ್ನ ಕಾಗದವಿಲ್ಲ. ಇದನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ನಿಂತಲ್ಲೇ ಓದು.

ನಿನ್ನೆ ತಿಯೋ ಅಮ್ಮ ಲ್ಯಾಪ್‌ಟಾಪ್ ನೋಡಲು ಬಂದಳು. ಮುಚ್ಚಳ ತೆಗೆದವಳೇ ಬೆಚ್ಚಿ ಹಿಂದಕ್ಕೆ ಸರಿದಳು. ನೀನು ಹೇಳಿದಂತೆ ಮೇಲಂಚಿನಲ್ಲಿ ಕ್ಯಾಮೆರಾದ ಕಣ್ಣು ಅಂಟಿಸಿದ್ದೆ. “ಅದನ್ನ ಕಿತ್ತಾಕಿ” ಎಂದು ಬರೆದಳು. “ಅಲ್ಲಿ ಅದರಿಂದಲೇ ಇವರನ್ನ ಕಾಯ್ತಿದ್ರು.” ಎಲ್ಲಿ ಎಂದು ಕೇಳಿದೆ. ಈ ಕಸುಬಿಗೆ ಬಂದ ಮೇಲೆ ಮೊದಲ ಸಲ ಕೇಳಿದೆ.

ಬೂನ್ ಹ್ವಾ ಹೋಗಿದ್ದು ಪರದೇಶದ ಕಂಪನಿ ಕೆಲಸಕ್ಕೆ. ಟಿಕೆಟ್ ಅವರೇ ಕಳಿಸಿದ್ದರು. ಚಿಕ್ಕ ಲ್ಯಾಪ್‌ಟಾಪ್ ತರಲು ಹೇಳಿದ್ದರು. ವಿಮಾನ ಇಳಿದ ಮೇಲೆ ಕಾರಿನಲ್ಲಿ ಗಡಿಗೆ ಒಯ್ದು, ದೋಣಿಯಲ್ಲಿ ನದಿ ದಾಟಿಸಿದರು. ಆಚೆ ಎತ್ತರದ ಗೋಡೆ, ಗೋಡೆಯ ಮೇಲೆ ತಂತಿ. ಗೊತ್ತಿಲ್ಲದ ಜನರ ಹತ್ತಿರ ಸಿಹಿಮಾತಾಡಿ ದುಡ್ಡು ಕೀಳುವುದೇ ಅಲ್ಲಿಯ ಕೆಲಸ, ಒಲ್ಲೆ ಅಂದರೆ ಏಟು. ಇದೆಲ್ಲ ಓಡಿಬಂದ ಇನ್ನೊಬ್ಬ ಹುಡುಗ ಅವಳಿಗೆ ಹೇಳಿದ್ದು. ಮಗ ಬಂದಿದ್ದು ತಗಡಿನ ಡಬ್ಬದಲ್ಲಿ, ಬೂದಿಯಾಗಿ.

ಇನ್ನು ಮುಂದಿನದನ್ನು ಗಮನವಿಟ್ಟು ಓದು. ಡಬ್ಬದ ಜೊತೆ ಬಂದ ಸಾವಿನ ಪತ್ರದಲ್ಲಿ ಜನವರಿಯ ತಾರೀಕು ಇದೆ. ಅವನ ಮೆಸೇಜುಗಳು ಮಾರ್ಚ್ ತನಕ ಬಂದಿವೆ. ಆರಾಮಾಗಿದ್ದೀನಿ ಅಮ್ಮಾ, ತಂಗೀನೂ ಕಳಿಸು, ಕೆಲಸ ಇದೆ ಎಂದು. ಸತ್ತವನ ಫೋನಿನಲ್ಲಿ ಬೇರೆ ಯಾರೋ ಕುಳಿತು ಬರೆದಿದ್ದಾರೆ.

ಈಗಷ್ಟೇ ಪೇಕ್ ಙೋ ಕೈಯಲ್ಲಿ ನಿನಗೆ ನಾಲ್ಕು ಸಲ ಫೋನು ಮಾಡಿಸಿದೆ. ಬಂದ್ ಆಗಿದೆ ಅನ್ನುತ್ತಿದೆಯಂತೆ. ಎಲ್ಲೂ ಹೋಗಬೇಡ. ಕೌಂಟರಿನಿಂದ ಏಳಬೇಡ. ನಾಳೆ ಮೊದಲ ಬಸ್ಸಿಗೆ ನಾನೇ ಹೊರಡುತ್ತೇನೆ.

ಅಪ್ಪ


ವಿಮಾನ ನಿಲ್ದಾಣ
8 ಜುಲೈ 2019

ಅಪ್ಪಾ,

ನೀನು ಹ್ಞೂಂ ಅನ್ನಬೇಡ ಅಂದೆ, ನಾನು ಅಂದುಬಿಟ್ಟೆ. ಅದಕ್ಕೇ ಎರಡು ವಾರ ಬರೆಯಲಿಲ್ಲ, ಬರೆದರೆ ನೀನು ತಡೆಯುತ್ತಿದ್ದೆ. ಬೈಯಬೇಡ. ಇನ್ನೆರಡು ಗಂಟೆಯಲ್ಲಿ ವಿಮಾನ, ಫೋನು ಈಗಲೇ ಬಂದ್ ಮಾಡಿದ್ದೇನೆ. ಇಲ್ಲಿಯ ಅಂಚೆ ಡಬ್ಬಕ್ಕೆ ಇದನ್ನು ಹಾಕಿ ಒಳಗೆ ಹೋಗುತ್ತೇನೆ.

ಅವನ ಮಾತು ಇದ್ದ ಹಾಗೇ ಬೇಕು ಅಂದೆಯಲ್ಲ, ಮೊದಲ ಮೆಸೇಜು ಇಲ್ಲಿದೆ: “ಅಕ್ಕ, ನಾನು ಆರಾಮಾಗಿದ್ದೀನಿ. ಒಳ್ಳೆ ಕೆಲಸ. ನಿನಗೂ ಜಾಗ ಇಟ್ಟಿದ್ದೀನಿ. ಚಿಕ್ಕದೊಂದು ಲ್ಯಾಪ್‌ಟಾಪ್ ತಗೊಂಡು ಬಾ, ದುಬಾರಿದು ಬೇಡ. ಬೇಗ ಬಾ. ಮತ್ತೆ ಸಿಗೋಣ.”

ನಿನ್ನ ಮುಖ ಗಂಟಾಗುವುದು ಇಲ್ಲಿಂದಲೇ ಕಾಣುತ್ತಿದೆ. ಹೌದು, ಬಾ ಎಂದು ಬರೆದಿದ್ದಾನೆ, ಒಂದಲ್ಲ ಎರಡು ಸಲ. ನಮ್ಮ ಅಂಗಡಿಯಲ್ಲಿ ಬೆಳೆದವನು ಹೀಗೆ ಬರೆಯುತ್ತಾನಾ ಅಂತ ನನಗೂ ಅನ್ನಿಸಿತು. ಪರದೇಶದಲ್ಲಿ ಹತ್ತು ಜನರ ನಡುವೆ ಇದ್ದು ಮಾತು ಬದಲಾಗಿರಬೇಕು ಅಂದುಕೊಂಡೆ.

ನಿಜ ಹೇಳಲಾ? ಇಪ್ಪತ್ತೇಳು ವರ್ಷದಲ್ಲಿ ನನ್ನ ಮನೆಯವರು ಯಾರೂ ನನಗೆ ಬಾ ಅಂದಿರಲಿಲ್ಲ. ಅದನ್ನು ಓದಿ ಮಾಲಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಕಮರಿಯಾ ನೀರು ತಂದುಕೊಟ್ಟಳು. ಆಗಲೇ ಮನಸ್ಸು ಹೋಗಿಯಾಗಿತ್ತು ಅಪ್ಪಾ. ಕೆಲಸ, ಸಂಬಳ ಎಲ್ಲ ಆಮೇಲಿನ ಮಾತು.

ನೀಲಿಯದನ್ನೇ ತೆಗೆದುಕೊಂಡೆ. ಒಂಬತ್ತು ಗಂಟೆ ಬರುತ್ತದಲ್ಲ. ಕೀಲು ಸಡಿಲವಿದ್ದರೂ ಹುಷಾರಾಗಿ ನೋಡಿಕೊಳ್ಳುತ್ತೇನೆ.

ನೀನೂ ನಿಧಾನ ನಡೆ,
ಸೋಕ್ ಇಮ್


ತೈಪಿಂಗ್
13 ಜುಲೈ 2019

ಸೋಕ್ ಇಮ್,

ಅದು ಲಿಯಾಂಗ್ ಅಲ್ಲ.

ಒಂಬತ್ತನೇ ತಾರೀಕು ನಿನ್ನ ಮಾಲಿಗೆ ಬಂದಿದ್ದೆ. ಅಂಗಡಿಯ ಬಾಗಿಲು ಎಳೆದಿತ್ತು. ಪಕ್ಕದ ಕಮರಿಯಾಗೆ ಇನ್ನೂ ಎರಡು ವಾರ ರಜೆ ಎಂದು ಅಲ್ಲಿಯವರು ಬರೆದು ತೋರಿಸಿದರು. ನಿನ್ನ ಕೋಣೆಯ ಯಜಮಾನಿ ಖಾಲಿ ಮಂಚ ತೋರಿಸಿದಳು. ವಾಪಸು ಬಂದೆ. ಇವತ್ತು ನಿನ್ನ ಕಾಗದ ಬಂತು.

ಅವನು ಬಸ್ಸು ಹತ್ತಿದ ದಿನ ನನ್ನ ಸ್ಲೇಟಿನ ಮೇಲೆ ಏನು ಬರೆದ ಗೊತ್ತೇ? ‘ನಿಧಾನ ನಡಿ ಅಪ್ಪ’ ಎಂದು. ಜ್ವರದಲ್ಲಿ ಬಡಬಡಿಸುವಾಗಲೂ ಆ ಹುಡುಗ ಯಾರನ್ನೂ ಬಾ ಎಂದು ಕರೆದಿಲ್ಲ. ನಿನಗೂ ಅನ್ನಿಸಿತು ಎಂದು ಬರೆದಿದ್ದೀಯ. ಅನ್ನಿಸಿಯೂ ಹೋದೆ. ಅದು ನನ್ನ ತಪ್ಪು, ನಿನ್ನದಲ್ಲ.

ಇದನ್ನು ಎಲ್ಲಿಗೆ ಕಳಿಸಲಿ? ಕಮರಿಯಾ ಕೈಗೆ ಸೇರಲಿ ಎಂದು ಮಾಲಿನ ವಿಳಾಸವನ್ನೇ ಬರೆಯುತ್ತಿದ್ದೇನೆ.

ಅಪ್ಪ


ಕ್ವಾಲಾಲಂಪುರ
22 ಜುಲೈ 2019

ಸೋಕ್ ಇಮ್‌ಳ ತಂದೆ ಮಾನ್ಯ ಕೋಯ್ ಟೈಕ್ ಹೊಕ್ ಅವರಿಗೆ, ಕಮರಿಯಾ ಮಾಡುವ ಸಲಾಮು.

ನಾನು ರಜೆಯಲ್ಲಿ ಊರಿಗೆ ಹೋಗಿದ್ದೆ. ಬಂದು ನೋಡಿದರೆ ಸೋಕ್ ಇಮ್ ಹೆಸರಿನ ಎರಡು ಕಾಗದ ನನ್ನ ಕೌಂಟರಿನ ಮೇಲಿದ್ದವು. ಬೇರೆಯವರ ಕಾಗದ ಒಡೆಯಬಾರದೆಂದು ಹಾಗೇ ಜೋಪಾನವಾಗಿ ಇಟ್ಟಿದ್ದೇನೆ. ಅವಳು ಎಂಟನೇ ತಾರೀಕೇ ಹೊರಟುಹೋದಳಲ್ಲ, ನಿಮಗೆ ಗೊತ್ತಿಲ್ಲವೇನೋ ಎಂದು ಬರೆಯುತ್ತಿದ್ದೇನೆ.

ಚಿಂತೆ ಮಾಡಬೇಡಿ ಅಂಕಲ್. ಮೊನ್ನೆ ಅವಳ ಮೆಸೇಜು ಬಂತು. ಹೀಗೆ ಬರೆದಿದ್ದಾಳೆ: “ನಾನು ಆರಾಮಾಗಿದ್ದೀನಿ. ಒಳ್ಳೆ ಕೆಲಸ. ನಿನಗೂ ಜಾಗ ಇಟ್ಟಿದ್ದೀನಿ. ಚಿಕ್ಕದೊಂದು ಲ್ಯಾಪ್‌ಟಾಪ್ ತಗೊಂಡು ಬಾ, ದುಬಾರಿದು ಬೇಡ. ಬೇಗ ಬಾ. ಮತ್ತೆ ಸಿಗೋಣ.”

ನಮ್ಮ ಅಂಗಡಿಯೂ ಈ ತಿಂಗಳಿಗೆ ಮುಚ್ಚುತ್ತದೆ, ನನಗೂ ಇದು ದೇವರು ಕೊಟ್ಟ ದಾರಿ ಅನ್ನಿಸಿದೆ. ಬೂದು ಬಣ್ಣದ್ದು ಇನ್ನೂ ಹಾಗೇ ಇದೆ, ಅದನ್ನೇ ನನಗೆ ತೆಗೆದಿಟ್ಟುಕೊಂಡಿದ್ದೇನೆ. ಅವಳಿಗೆ ಏನಾದರೂ ಕಳಿಸುವುದಿದ್ದರೆ ನನ್ನ ಹತ್ತಿರ ಕೊಡಿ. ತಿಂಗಳ ಕೊನೆಗೆ ಹೊರಡುತ್ತೇನೆ.

ಕಮರಿಯಾ


ತೈಪಿಂಗ್
1 ಆಗಸ್ಟ್ 2019, ಏಳನೇ ತಿಂಗಳ ಮೊದಲ ದಿನ

ಸೋಕ್ ಇಮ್,

ಕಮರಿಯಾ ಹೋಗಲಿಲ್ಲ. ಅವಳ ಕಾಗದ ಬಂದ ದಿನವೇ ಅದರಲ್ಲಿದ್ದ ನಂಬರಿಗೆ ಪೇಕ್ ಙೋ ಫೋನು ಮಾಡಿದಳು. ನನ್ನ ಮಗಳು ಯಾರಿಗೂ ಬಾ ಅನ್ನುವವಳಲ್ಲ ಎಂದು ನಾನು ಬರೆದುಕೊಟ್ಟೆ, ಅವಳು ಓದಿ ಹೇಳಿದಳು. ಆ ಕಡೆಯಿಂದ ಅಳುವ ಸದ್ದು ಬಂತಂತೆ. ನನ್ನ ಆ ಎರಡು ಕಾಗದ ಅವಳ ಹತ್ತಿರವೇ ಇವೆ. ಇದನ್ನೂ ಅಲ್ಲಿಗೇ ಕಳಿಸುತ್ತೇನೆ.

ಪೊಲೀಸರು ದೂರು ಬರೆದುಕೊಂಡಿದ್ದಾರೆ. ತಿಯೋ ಅಮ್ಮ ಜೊತೆಗೆ ಬಂದು ಬೂದಿಯ ಡಬ್ಬವನ್ನು ಮೇಜಿನ ಮೇಲಿಟ್ಟಳು. ಊರು ಯಾವುದು ಎಂದು ಕೇಳಿದರು. ನದಿಯಾಚೆ ಎಂದಷ್ಟೇ ಗೊತ್ತಿತ್ತು ನಮಗೆ.

ಬೂನ್ ಹ್ವಾನ ನೀಲಿ ಲ್ಯಾಪ್‌ಟಾಪನ್ನು ಇವತ್ತು ಬೆಳಿಗ್ಗೆ ಸುಟ್ಟೆವು. ಬಟ್ಟೆಯ ಕೀಲು ಕೊನೆಗೆ ಹತ್ತಿಕೊಂಡಿತು. ಮಾದರಿಗೆ ಮಾಡಿದ್ದು ಇನ್ನೊಂದು ಕಪಾಟಿನಲ್ಲಿತ್ತು. ತಿಯೋ ಅಮ್ಮ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಅವಳು ಹೋದ ಮೇಲೆ ಅದನ್ನು ಕಾಲಡಿ ಹಾಕಿ ತುಳಿದೆ. ಸುಡುವ ಸಾಮಾನಿನ ಮೇಲೆ ಸತ್ತವರ ಹೆಸರು ಬರೆಯಬೇಕು, ನನ್ನ ಮನೆಯಲ್ಲಿ ಅದಕ್ಕೆ ಬರೆಯಲು ಹೆಸರಿಲ್ಲ. ಸುಟ್ಟರೆ ತಲುಪುವ ಕಾಗದ ಹೇಗೆ ಬರೆಯಬೇಕೆಂದು ನನಗಿಂತ ಚೆನ್ನಾಗಿ ಬಲ್ಲವನು ಈ ಊರಿನಲ್ಲಿ ಇಲ್ಲ. ಇದನ್ನು ಸುಡುವುದಿಲ್ಲ. ಅಂಚೆಚೀಟಿ ಅಂಟಿಸಿದ್ದೇನೆ.

ಅಕ್ಕಿ ಡಬ್ಬ ತುಂಬಿದೆ ಎಂದು ನಾನು ಎರಡೆರಡು ಸಲ ಬರೆದಿದ್ದು ಯಾಕೆ ಅಂದುಕೊಂಡೆ? ಒಬ್ಬ ಮುದುಕ ಐದೈದು ಕಿಲೋ ತಂದು ಯಾಕೆ ಸುರಿಯುತ್ತಾನೆ? ಆ ಒಂದು ಮಾತು ಆಡಲಾಗದೆ ಅದನ್ನು ಬರೆಯುತ್ತಿದ್ದೆ. ನಿನಗೆ ಅರ್ಥವಾಗುತ್ತದೆ ಅಂದುಕೊಂಡೆ. ಯಾರೋ ಗುರುತಿಲ್ಲದವನು ಆ ಮಾತನ್ನು ಸಲೀಸಾಗಿ ಆಡಿ ನಿನ್ನನ್ನು ಕರೆದುಕೊಂಡು ಹೋದ.

ಇವತ್ತು ಸತ್ತವರ ಲೋಕದ ಬಾಗಿಲು ತೆರೆಯುವ ದಿನ. ಪ್ರೇತಗಳು ಓಗೊಟ್ಟಾವು ಎಂದು ಬೀದಿಯಲ್ಲಿ ಒಬ್ಬರೂ ಒಬ್ಬರನ್ನು ಹೆಸರು ಹಿಡಿದು ಕರೆಯುತ್ತಿಲ್ಲ. ನಾನು ಅಂಗಡಿಯ ಬಾಗಿಲು ಪೂರ್ತಿ ತೆಗೆದು, ದೀಪ ಹಚ್ಚಿ, ಮೂರು ಬಟ್ಟಲು ಅನ್ನ ಬಡಿಸಿಕೊಂಡು ಕುಳಿತಿದ್ದೇನೆ. ನೀವಿಬ್ಬರೂ ಹೇಗಿದ್ದೀರೋ ನನಗೆ ಗೊತ್ತಿಲ್ಲ. ಹೇಗಿದ್ದರೂ ಇದು ನಿಮ್ಮ ಮನೆ. ತಮ್ಮನಿಗೂ ಹೇಳು.

ನಿಧಾನ ಬೇಡ. ಬಾ ಮಗಳೇ, ಓಡಿ ಬಾ.

ಅಪ್ಪ